ಮೆದುಳಿನ ಆಪರೇಷನ್‌ಗೆ ದುಡ್ಡು ಹೊಂದಿಸುವುದು: ಯಾವ ದಾರಿ ಮೊದಲು, ಯಾವುದು ಆಮೇಲೆ?

ಈ ಮೆಸೇಜು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ತಲೆಗೆ ಬ್ಯಾಂಡೇಜ್ ಸುತ್ತಿದ ಒಬ್ಬರ ಫೋಟೋ, ‘ಮೆದುಳಿನಲ್ಲಿ ಗಡ್ಡೆ, ಎಂಟು ಲಕ್ಷ ಬೇಕು, ದಯವಿಟ್ಟು ಶೇರ್ ಮಾಡಿ’ ಅಂತ ನಾಲ್ಕು ಸಾಲು, ಕೆಳಗೊಂದು ಲಿಂಕ್. ನಾವು ಐನೂರೋ ಸಾವಿರವೋ ಹಾಕಿ ಮುಂದಕ್ಕೆ ಕಳಿಸುತ್ತೇವೆ. ಹಾಕುವುದು ಒಳ್ಳೆಯದೇ. ಆದರೆ ಆ ಮನೆಯವರಿಗೆ ಒಂದು ಫೋನ್ ಮಾಡಿ, ‘ರೇಷನ್ ಕಾರ್ಡ್ ಯಾವುದಮ್ಮ? ಆರೋಗ್ಯಮಿತ್ರರನ್ನ ಕೇಳಿದ್ರಾ?’ ಅಂತ ವಿಚಾರಿಸಿ ನೋಡಿ. (ಆರೋಗ್ಯಮಿತ್ರ ಅಂದರೆ ಸರ್ಕಾರಿ ಯೋಜನೆಯ ಮಾಹಿತಿ ಕೊಡಲು ಆಸ್ಪತ್ರೆಯಲ್ಲಿ ಕೂರುವವರು.) ಎಷ್ಟೋ ಸಲ ಬರುವ ಉತ್ತರ ಒಂದೇ: ‘ಅದೆಲ್ಲ ಗೊತ್ತಿಲ್ಲ ಸರ್, ಆಸ್ಪತ್ರೆಯವರು ಅಡ್ವಾನ್ಸ್ ಕಟ್ಟಿ ಅಂದ್ರು.’

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಂಥ ಊರಿನಲ್ಲಿ ಮೆದುಳಿನ ಆಪರೇಷನ್‌ಗೆ ಜನರ ಹತ್ತಿರ ದುಡ್ಡು ಎತ್ತುವುದು ಮೊದಲ ಹೆಜ್ಜೆ ಆಗಬಾರದು. ಸರ್ಕಾರಿ ಆಸ್ಪತ್ರೆ, ಉಚಿತ ಆಸ್ಪತ್ರೆ, ಯೋಜನೆಯ ಕಾರ್ಡು ಇವು ಎಷ್ಟು ದೂರ ಕರೆದುಕೊಂಡು ಹೋಗುತ್ತವೆ ಅಂತ ನೋಡಿ, ಉಳಿದದ್ದಕ್ಕೆ ಮಾತ್ರ ಕೈ ಚಾಚಬೇಕು. ಹೀಗೆ ಮಾಡಿದರೆ ಕೇಳುವ ಮೊತ್ತ ಎಂಟು ಲಕ್ಷದಿಂದ ಎಂಬತ್ತು ಸಾವಿರಕ್ಕೆ ಇಳಿದರೂ ಇಳಿಯಬಹುದು. ಎಂಬತ್ತು ಸಾವಿರ ಹುಟ್ಟುತ್ತದೆ. ಎಂಟು ಲಕ್ಷ ಬಹಳ ಸಲ ಹುಟ್ಟುವುದಿಲ್ಲ.

ಮೊದಲು ಕೇಳಬೇಕಾದ್ದು: ಟೈಮ್ ಎಷ್ಟಿದೆ?

ದುಡ್ಡಿನ ಮಾತಿಗಿಂತ ಮುಂಚೆ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ. ‘ಎಷ್ಟು ದಿನ ಕಾಯಬಹುದು?’ ಮೆದುಳಿನ ಆಪರೇಷನ್ ಅಂದ ಕೂಡಲೇ ಎಲ್ಲವೂ ಇವತ್ತೇ ಆಗಬೇಕು ಅನ್ನಿಸುತ್ತದೆ. ಎಲ್ಲವೂ ಹಾಗಿಲ್ಲ.

ಬೈಕಿನಿಂದ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ರಕ್ತನಾಳ ಉಬ್ಬಿ ಒಡೆದಿದೆ, ತಲೆಯಲ್ಲಿ ನೀರು ತುಂಬಿ ಮಗು ಮಂಕಾಗುತ್ತಿದೆ ಅಂದರೆ ಅದು ಗಂಟೆಗಳ ಲೆಕ್ಕ. ವೇಗವಾಗಿ ಬೆಳೆಯುವ ಗಡ್ಡೆ ಅಂದರೆ ದಿನ, ವಾರಗಳ ಲೆಕ್ಕ. ಮೆದುಳಿನ ಹೊದಿಕೆಯ ಮೇಲೆ ಬೆಳೆಯುವ ಮೆನಿಂಜಿಯೋಮಾ ಥರದ ಗಡ್ಡೆಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲದವು, ನಿಧಾನಕ್ಕೆ ಬೆಳೆಯುವವು. ಕಣ್ಣಿನ ನರವನ್ನೋ ಇನ್ನೇನನ್ನೋ ಒತ್ತುತ್ತಿಲ್ಲ ಅಂದರೆ ಡಾಕ್ಟರೇ ಕೆಲವು ವಾರ ಕಾಯಬಹುದು ಅನ್ನುತ್ತಾರೆ. ಪಾರ್ಕಿನ್ಸನ್ ಕಾಯಿಲೆಗೆ ಮೆದುಳಿನೊಳಗೆ ತಂತಿ ಕೂರಿಸುವ ಆಪರೇಷನ್ನಂತೂ ತಿಂಗಳುಗಟ್ಟಲೆ ಯೋಚಿಸಿ ಮಾಡುವಂಥದ್ದು.

ಯಾವ ದಾರಿ ಹಿಡಿಯಬೇಕು ಅನ್ನುವುದು ಮುಕ್ಕಾಲು ಪಾಲು ಈ ಒಂದು ಉತ್ತರದ ಮೇಲೆ ನಿಂತಿದೆ.

ಇವತ್ತು ರಾತ್ರಿಯೇ ಆಗಬೇಕು ಅಂದರೆ

ಲಿಂಕ್ ಮರೆತುಬಿಡಿ. ಕ್ರೌಡ್‌ಫಂಡಿಂಗ್‌ಗೆ, ಅಂದರೆ ಹೀಗೆ ಲಿಂಕ್ ಹಂಚಿ ಜನರ ಹತ್ತಿರ ದುಡ್ಡು ಎತ್ತುವುದಕ್ಕೆ, ಕಾಗದಪತ್ರ ಪರಿಶೀಲನೆ ಆಗಬೇಕು, ದುಡ್ಡು ಸೇರಬೇಕು, ಸೇರಿದ್ದು ಆಸ್ಪತ್ರೆಗೆ ಹೋಗಬೇಕು. ಇದು ಯಾವುದೂ ರಾತ್ರೋರಾತ್ರಿ ಆಗುವ ಕೆಲಸ ಅಲ್ಲ.

108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟು ಅಂದರೆ ಬೆಂಗಳೂರಿನಲ್ಲಿ ಎಲ್ಲರ ಬಾಯಿಗೂ ಬರುವ ಹೆಸರು ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿನ ಕ್ಯಾಶುವಾಲಿಟಿ 24 ಗಂಟೆಯೂ ತೆರೆದಿರುತ್ತದೆ. ಬರೀ ತಲೆ, ಬೆನ್ನುಹುರಿಯ ಪೆಟ್ಟಾದರೆ ಅದೇ ಸರಿ. ತಲೆಯ ಜೊತೆ ಎದೆ, ಹೊಟ್ಟೆ, ಕಾಲಿಗೂ ಪೆಟ್ಟಾಗಿದ್ದರೆ ಎಲ್ಲ ವಿಭಾಗಗಳೂ ಇರುವ ಕಡೆ ಹೋಗುವುದು ಮೇಲು. ಕೆ.ಆರ್. ಮಾರುಕಟ್ಟೆ ಪಕ್ಕದ ವಿಕ್ಟೋರಿಯಾದಲ್ಲಿ ಟ್ರಾಮಾ ಸೆಂಟರ್ ಇದೆ, ಅದೇ ಆವರಣದಲ್ಲಿ ನರಶಸ್ತ್ರಚಿಕಿತ್ಸೆ ಮಾಡುವ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೂ ಇದೆ. ನಿಮ್ಹಾನ್ಸ್‌ನಲ್ಲಿ ಬೆಡ್ ತುಂಬಿರುವ ದಿನಗಳೂ ಇರುತ್ತವೆ. ಆಂಬುಲೆನ್ಸ್‌ನವರ ಹತ್ತಿರ ದಾರಿಯಲ್ಲೇ ಫೋನ್ ಮಾಡಿಸಿ ಕೇಳಿ.

ಹತ್ತಿರದ ಖಾಸಗಿ ಆಸ್ಪತ್ರೆಗೇ ಹೋಗಬೇಕಾಗಿ ಬಂದರೆ ಎರಡು ವಿಷಯ ಗೊತ್ತಿರಲಿ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಅಡ್ವಾನ್ಸ್ ಕಟ್ಟಿದರೆ ಮಾತ್ರ ಚಿಕಿತ್ಸೆ ಅನ್ನುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿ ಇದನ್ನೇ ಹೇಳುತ್ತದೆ. ಎರಡನೆಯದು, ರಸ್ತೆ ಅಪಘಾತವಾದರೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ. ಬಡವ, ಶ್ರೀಮಂತ ಅನ್ನುವ ಭೇದ ಇಲ್ಲ. ಆದರೆ ಪೊಲೀಸ್ ದಾಖಲೆ ಬೇಕು. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ, ಆಗಿದೆಯಾ ಅಂತ ಆ ರಾತ್ರಿಯೇ ಖಾತ್ರಿ ಮಾಡಿಕೊಳ್ಳಿ. ‘ಯಾಕೆ ಸುಮ್ನೆ ಪೊಲೀಸು, ಕೇಸು’ ಅಂತ ಬಿಟ್ಟವರು ಮುಂದೆ ವಾಹನದ ಇನ್ಶೂರೆನ್ಸ್ ಪರಿಹಾರಕ್ಕೆ ಕೋರ್ಟಿಗೆ ಹೋದಾಗ ಕೈ ಕೈ ಹಿಸುಕಿಕೊಳ್ಳುತ್ತಾರೆ.

ಬಿಪಿಎಲ್ ಕಾರ್ಡ್ ಇದ್ದರೆ: ಆರೋಗ್ಯ ಕರ್ನಾಟಕ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ದುಡ್ಡು ಉಳಿಯುವುದೂ ಇಲ್ಲೇ, ಜಾಸ್ತಿ ಜನ ಎಡವುವುದೂ ಇಲ್ಲೇ.

2018ರ ಮಾರ್ಚ್‌ನಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಎಪಿಎಲ್‌ನವರು ಇಲ್ಲಿ ಒಂದು ಮಾತು ಗಮನಿಸಬೇಕು. ಆ ಶೇ 30 ಸರ್ಕಾರ ಗೊತ್ತು ಮಾಡಿದ ದರದ ಮೇಲಿನ ಲೆಕ್ಕ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಮೇಲೆ ಅಂತ ಅಂದುಕೊಂಡು ಹೊರಟರೆ ಬಿಲ್ ಬಂದಾಗ ಆಘಾತ ಗ್ಯಾರಂಟಿ.

ಎಡವುವ ಜಾಗಗಳು ಹೀಗಿವೆ.

ಮೊದಲನೆಯದು ರೆಫರಲ್ ಚೀಟಿ. ತುರ್ತು ಅಲ್ಲದ ದೊಡ್ಡ ಆಪರೇಷನ್ನನ್ನು ಈ ಯೋಜನೆಯಡಿ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಹೋಗಬೇಕು. ಊರಿನಲ್ಲಾದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಬೆಂಗಳೂರಿನಲ್ಲಾದರೆ ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಯಂಥವು. ಅಡ್ಮಿಟ್ ಆಗಿ, ಅಡ್ವಾನ್ಸ್ ಕಟ್ಟಿ, ನಾಲ್ಕು ದಿನ ಐಸಿಯುನಲ್ಲಿ ಇದ್ದಮೇಲೆ ‘ನಮ್ಮದು ಬಿಪಿಎಲ್ ಸರ್’ ಅಂದರೆ ಆ ನಾಲ್ಕು ದಿನದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ. ಕಾರ್ಡ್ ತೋರಿಸುವುದು ಅಡ್ಮಿಷನ್ ಕೌಂಟರಿನಲ್ಲಿ, ಮೊದಲ ರಸೀದಿಗೂ ಮುಂಚೆ. ನಿಜವಾದ ತುರ್ತಿನಲ್ಲಿ, ಚಿಕಿತ್ಸೆ ಯೋಜನೆಯ ತುರ್ತು ಪಟ್ಟಿಯಲ್ಲಿದ್ದರೆ, ಚೀಟಿ ಇಲ್ಲದೆಯೂ ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಎರಡನೆಯದು ಇನ್ನೂ ಸೂಕ್ಷ್ಮ. ಆಸ್ಪತ್ರೆಗಳು ಯೋಜನೆಗೆ ಸೇರುವುದು ವಿಭಾಗವಾರು. ಗೇಟಿನಲ್ಲಿ ಆಯುಷ್ಮಾನ್ ಬೋರ್ಡ್ ಇರುತ್ತದೆ, ಆದರೆ ಸೇರಿರುವುದು ಮೂಳೆ ವಿಭಾಗವೋ ಕಣ್ಣಿನ ವಿಭಾಗವೋ ಆಗಿರಬಹುದು. ‘ನಿಮ್ಮಲ್ಲಿ ಯೋಜನೆ ಇದೆಯಾ’ ಅಂತ ಕೇಳಿದರೆ ‘ಇದೆ’ ಅನ್ನುತ್ತಾರೆ, ಸುಳ್ಳೇನೂ ಅಲ್ಲ. ನೀವು ಕೇಳಬೇಕಾದ್ದು ‘ನ್ಯೂರೋಸರ್ಜರಿಗೆ ಯೋಜನೆ ಇದೆಯಾ? ನಮ್ಮ ಡಾಕ್ಟರ್ ಬರೆದಿರುವ ಈ ಆಪರೇಷನ್ ಪಟ್ಟಿಯಲ್ಲಿ ಇದೆಯಾ?’ ಅಂತ. ಉತ್ತರ ಕೊಡಬೇಕಾದವರು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರ. ಬಿಲ್ಲಿಂಗ್ ಕೌಂಟರಿನ ಹುಡುಗನ ಮಾತು ನಂಬಿ ವಾಪಸ್ ಬರಬೇಡಿ. ಸಹಾಯವಾಣಿ 104 ಅಥವಾ 14555ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು.

ಮೂರನೆಯದು ಸಣ್ಣದು, ಆದರೆ ಕಾಡುವಂಥದ್ದು. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರೇ ಇರುವುದಿಲ್ಲ. ಮದುವೆಯಾಗಿ ಬಂದ ಸೊಸೆ, ಇತ್ತೀಚೆಗೆ ಹುಟ್ಟಿದ ಮಗು, ಊರಿನ ಕಾರ್ಡಿನಲ್ಲೇ ಉಳಿದುಹೋದ ಅಜ್ಜಿ. ಇಲ್ಲಾ ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗು, ಕಾರ್ಡಿನಲ್ಲಿ ಇನ್ನೊಂದು. ಕಾಯಿಲೆ ಬರುವ ಮುಂಚೆ ಬೆಂಗಳೂರು ಒನ್, ಗ್ರಾಮ ಒನ್‌ಗೆ ಹೋಗಿ ಆರೋಗ್ಯ ಕಾರ್ಡ್ ಮಾಡಿಸಿಟ್ಟುಕೊಂಡವರಿಗೆ ಈ ತಾಪತ್ರಯ ಇಲ್ಲ.

ಕಾರ್ಡ್ ಒಪ್ಪಿಗೆ ಆದಮೇಲೆ ಬಿಪಿಎಲ್ ರೋಗಿಯಿಂದ ಪ್ಯಾಕೇಜಿನ ಒಳಗಿನ ಖರ್ಚಿಗೆ ಆಸ್ಪತ್ರೆ ಮೇಲಿನ ದುಡ್ಡು ಕೇಳುವಂತಿಲ್ಲ. ಕೇಳಿದರೆ ರಸೀದಿ ಕೇಳಿ. ರಸೀದಿ ಕೇಳಿದ ಕೂಡಲೇ ಎಷ್ಟೋ ‘ಎಕ್ಸ್‌ಟ್ರಾ’ಗಳು ಮಾಯವಾಗುತ್ತವೆ.

ನಿಮ್ಹಾನ್ಸ್, ವೈಟ್‌ಫೀಲ್ಡ್, ಅಥವಾ ಯೋಜನೆ ಇರುವ ಖಾಸಗಿ ಆಸ್ಪತ್ರೆ?

ಆಪರೇಷನ್‌ಗೆ ಒಂದಿಷ್ಟು ದಿನ ಟೈಮ್ ಇದೆ ಅಂದಾಗ ಬಡ ಕುಟುಂಬದ ಮುಂದೆ ನಿಜವಾಗಿ ಇರುವುದು ಈ ಮೂರು.

ನಿಮ್ಹಾನ್ಸ್‌ನ ದೊಡ್ಡ ಬಲ ಅನುಭವ. ಅಲ್ಲಿ ದಿನವೂ ಆಗುವುದೇ ತಲೆ ಮತ್ತು ಬೆನ್ನುಹುರಿಯ ಕೆಲಸ. ಖಾಸಗಿಗೆ ಹೋಲಿಸಿದರೆ ದರ ತೀರಾ ಕಡಿಮೆ, ಬಿಪಿಎಲ್‌ನವರಿಗೆ ಇನ್ನೂ ರಿಯಾಯಿತಿ. ಜೊತೆಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಡ್ಡೆ ಕ್ಯಾನ್ಸರ್ ಅಂತ ಬಂದರೆ ರೇಡಿಯೇಷನ್‌ಗೆ ಹೋಗಬೇಕಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಲ್ಲೇ ಪಕ್ಕದಲ್ಲಿದೆ. ತೊಂದರೆ ಅಂದರೆ ಜನ. ಬೆಳಗ್ಗೆ ಬೇಗ ಹೋಗಿ ಓಪಿಡಿ ಚೀಟಿಗೆ ನಿಲ್ಲಬೇಕು, ಸ್ಕ್ಯಾನ್‌ಗೆ ತಾರೀಕು, ಆಪರೇಷನ್‌ಗೆ ತಾರೀಕು. ರಾಯಚೂರಿನಿಂದ, ಕಲಬುರಗಿಯಿಂದ, ಆಂಧ್ರ, ತಮಿಳುನಾಡಿನಿಂದ ಬಂದವರೆಲ್ಲ ಅದೇ ಸಾಲಿನಲ್ಲಿ ಇರುತ್ತಾರೆ. ಊರಿನಿಂದ ಬಂದವರಿಗೆ ಆಪರೇಷನ್ ಖರ್ಚಿಗಿಂತ ಇಲ್ಲಿ ಉಳಿಯುವ ಖರ್ಚೇ ಭಾರ ಆಗುವುದುಂಟು.

ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆ 2001ರ ಜನವರಿಯಲ್ಲಿ ಶುರುವಾದದ್ದು. ಬಿಲ್ ಕೌಂಟರೇ ಇಲ್ಲದ ಆಸ್ಪತ್ರೆ ಅಂತಲೇ ಹೆಸರು. ನರಶಸ್ತ್ರಚಿಕಿತ್ಸೆಯೂ ಪೂರ್ತಿ ಉಚಿತ, ಕಾರ್ಡು ಯಾವುದು, ಜಾತಿ ಯಾವುದು ಅಂತ ಕೇಳುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಆಸ್ಪತ್ರೆಯ ಹೆಸರಿನದೇ ಸ್ಟೇಷನ್ನಿನಲ್ಲಿ ಇಳಿಯಬಹುದು. ಬಿಪಿಎಲ್ ಕಾರ್ಡ್ ಇಲ್ಲದ, ಹಾಗಂತ ಲಕ್ಷಗಟ್ಟಲೆ ದುಡ್ಡೂ ಇಲ್ಲದ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕ್ಯಾಬ್ ಓಡಿಸುವವರು, ಸಣ್ಣ ಅಂಗಡಿಯವರು, ತಿಂಗಳಿಗೆ ಇಪ್ಪತ್ತೈದು ಮೂವತ್ತು ಸಾವಿರ ದುಡಿಯುವವರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ಸಿಕ್ಕಿಹಾಕಿಕೊಳ್ಳುತ್ತಾರಲ್ಲ, ಅವರು ಮೊದಲು ಇಲ್ಲಿ ಹೋಗಿ ತೋರಿಸಬೇಕು. ಆದರೆ ಇದು ಅಪಘಾತದ ತುರ್ತಿಗೆ ಓಡುವ ಜಾಗ ಅಲ್ಲ. ಮೊದಲೇ ಗೊತ್ತು ಮಾಡಿ ಮಾಡುವ ಆಪರೇಷನ್‌ಗಳಿಗೆ, ಅದೂ ಅವರು ನೋಡಿ ತೆಗೆದುಕೊಳ್ಳುವ ಕೇಸುಗಳಿಗೆ. ಕಾಯುವ ಪಟ್ಟಿ ಇರುತ್ತದೆ. ಎಲ್ಲ ಸ್ಕ್ಯಾನ್ ಫಿಲ್ಮು, ಸಿ.ಡಿ., ರಿಪೋರ್ಟು ತೆಗೆದುಕೊಂಡು ಹೋಗಿ.

ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯಡಿ ಮಾಡಿಸಿದರೆ ಸಾಮಾನ್ಯವಾಗಿ ತಾರೀಕು ಬೇಗ ಸಿಗುತ್ತದೆ. ಕಾಯಲು ಆಗದ, ಆದರೆ ಇವತ್ತು ರಾತ್ರಿಯೇ ಅಲ್ಲದ ಕೇಸುಗಳಿಗೆ ಇದು ಸರಿಯಾದದ್ದು. ಅಡ್ಡಿ ಅಂದರೆ ಕೆಲವು ಕಡೆ ಯೋಜನೆಯ ರೋಗಿಗೆ ‘ಬೆಡ್ ಇಲ್ಲ’ ಅನ್ನುವ ಉತ್ತರ ತುಂಬ ಸಲೀಸಾಗಿ ಬರುತ್ತದೆ. ಅದನ್ನೇ ಬರೆದುಕೊಡಿ ಅಂತ ಕೇಳಿ, ಆಮೇಲೆ 104ಕ್ಕೆ ಫೋನ್ ಮಾಡಿ.

ಈ ಮೂರರ ಜೊತೆ ಎರಡು ಮಾತು ಬೇಗ ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಯಾರಾದರೂ ಗಾರ್ಮೆಂಟ್ಸಿಗೋ ಪೀಣ್ಯದ ಫ್ಯಾಕ್ಟರಿಗೋ ಹೋಗುತ್ತಿದ್ದರೆ ಪೇ ಸ್ಲಿಪ್ ತೆಗೆದು ನೋಡಿ. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಅಂತ ಕಡಿತ ಇದೆಯಾ? ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇರುವವರಿಗೆ ಇದು ಇರಬೇಕು. ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿಂದ ಶುರು ಮಾಡಿ. ಅಲ್ಲಿ ಆಗದ್ದನ್ನು ಒಪ್ಪಂದ ಇರುವ ಆಸ್ಪತ್ರೆಗೆ ಅವರೇ ಬರೆದು ಕಳಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಸೊಸೆಯ ಇಎಸ್‌ಐ ಇದ್ದೂ ಅವಳ ಮೇಲೆ ಅವಲಂಬಿಸಿರುವವರು ಅದನ್ನು ಬಳಸುವುದೇ ಇಲ್ಲ. ಇನ್ನು ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಕುಟುಂಬಕ್ಕೆ 5 ಲಕ್ಷದವರೆಗೆ. ಆದರೆ ಕಾಯಿಲೆ ಬಂದಮೇಲೆ ಓಡಿಹೋಗಿ ಸೇರುವಂಥದ್ದಲ್ಲ, ನೋಂದಣಿಗೆ ಅಂತ ಗೊತ್ತಾದ ಅವಧಿ ಇರುತ್ತದೆ.

ಪರಿಹಾರ ನಿಧಿಗಳು: ಬರುತ್ತವೆ, ನಿಧಾನವಾಗಿ

ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿ. ಆದರೆ ಅದನ್ನು ನಂಬಿಕೊಂಡು ಆಪರೇಷನ್ ತಾರೀಕು ಇಟ್ಟುಕೊಳ್ಳಬೇಡಿ. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡು ಎಲ್ಲ ಇಟ್ಟು ಕೊಟ್ಟ ಮೇಲೆ ಖರ್ಚಾದದ್ದರಲ್ಲಿ ಒಂದು ಪಾಲು ಬರುತ್ತದೆ ಅಂತ ಇಟ್ಟುಕೊಳ್ಳುವುದು ವಾಸಿ. ಶಾಸಕರ ಪತ್ರ ಜೊತೆಗಿದ್ದರೆ ಕಡತ ಸ್ವಲ್ಪ ಚುರುಕಾಗಿ ಓಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ 1948ರದ್ದು. ಇಲ್ಲಿ ಲೆಕ್ಕ ಬೇರೆ. ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ ಇಟ್ಟು ಮೊದಲೇ ಅರ್ಜಿ ಹಾಕಬೇಕು, ಮಂಜೂರಾದ ದುಡ್ಡು ನೇರ ಆಸ್ಪತ್ರೆಗೆ ಹೋಗುತ್ತದೆ. ಒಂದಿಷ್ಟು ವಾರ ಟೈಮ್ ಇರುವವರಿಗೆ ಸರಿ.

ಈಗ ಕ್ರೌಡ್‌ಫಂಡಿಂಗ್

ಇಷ್ಟೆಲ್ಲ ನೋಡಿದಮೇಲೂ ಒಂದು ಅಂತರ ಉಳಿಯುತ್ತದೆ. ಆ ಅಂತರ ಯಾವುದು ಅಂತ ಒಂದು ಲೆಕ್ಕ ಹಾಕಿ ನೋಡೋಣ.

ಮಾಗಡಿ ಕಡೆಯ ಒಬ್ಬ ತಾಯಿ ಅಂತ ಇಟ್ಟುಕೊಳ್ಳಿ. ಮೆನಿಂಜಿಯೋಮಾ, ಬಿಪಿಎಲ್ ಕಾರ್ಡ್ ಇದೆ. ಖಾಸಗಿ ಆಸ್ಪತ್ರೆಯ ಎಸ್ಟಿಮೇಟ್ ಆರು ಲಕ್ಷ. ಮಗ ಆರು ಲಕ್ಷಕ್ಕೆ ಲಿಂಕ್ ಮಾಡಬೇಕು ಅಂತ ಕೂತಿದ್ದಾನೆ. ಅದೇ ಆಪರೇಷನ್ ಯೋಜನೆಯಡಿ ಆದರೆ ಆಸ್ಪತ್ರೆ ಬಿಲ್ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಉಳಿಯುವುದು ಏನು? ಅಡ್ಮಿಟ್ ಆಗುವ ಮುಂಚಿನ ಎಂಆರ್‌ಐ. ತಾಯಿಯ ಜೊತೆ ಇಬ್ಬರು ಬೆಂಗಳೂರಿನಲ್ಲಿ ಉಳಿಯುವ ರೂಮು, ಊಟ. ಮಗನಿಗೆ ತಪ್ಪಿದ ಕೂಲಿ. ಮನೆಗೆ ಬಂದಮೇಲೆ ಫಿಟ್ಸ್ ಬರದ ಹಾಗೆ ತಿಂಗಳುಗಟ್ಟಲೆ ಮಾತ್ರೆ. ಮೂರು ತಿಂಗಳಿಗೋ ಆರು ತಿಂಗಳಿಗೋ ಮತ್ತೊಂದು ಸ್ಕ್ಯಾನ್. ಎಲ್ಲ ಸೇರಿಸಿ ಎಪ್ಪತ್ತು, ಎಂಬತ್ತು ಸಾವಿರ ಅಂತ ಇಟ್ಟುಕೊಳ್ಳಿ. ಇಷ್ಟಕ್ಕೆ ವೆಬ್‌ಸೈಟೇ ಬೇಕಾಗಿಲ್ಲ. ಊರಿನ ಹಾಲಿನ ಡೇರಿ, ಮಗನ ಕೆಲಸದ ಜಾಗ, ಓದಿದ ಶಾಲೆಯ ಗೆಳೆಯರ ಗ್ರೂಪು ಇಷ್ಟರಲ್ಲೇ ಆಗಿಹೋಗುತ್ತದೆ.

ದೊಡ್ಡ ಮೊತ್ತ ನಿಜವಾಗಿ ಬೇಕಾಗುವ ಕೇಸುಗಳೂ ಇವೆ. ಬೇರೆ ಕಡೆ ಸಾಗಿಸಲು ಆಗದ ರೋಗಿ ಯೋಜನೆಗೆ ಸೇರದ ಆಸ್ಪತ್ರೆಯ ಐಸಿಯುನಲ್ಲಿ ಇದ್ದಾರೆ. ಐದು ಲಕ್ಷದ ಮಿತಿ ದಾಟಿಹೋಗಿದೆ. ಪ್ಯಾಕೇಜಿಗೆ ಸೇರದ ದುಬಾರಿ ಸಾಧನ ಬೇಕು. ಎಪಿಎಲ್ ಕುಟುಂಬ, ಕಾಯುವಷ್ಟು ಟೈಮ್ ಇಲ್ಲ. ಇಂಥವರಿಗೆ ಕ್ರೌಡ್‌ಫಂಡಿಂಗ್ ನಿಜಕ್ಕೂ ಬೇಕು, ಸಂಕೋಚಪಡುವ ಕಾರಣ ಇಲ್ಲ.

ಇಲ್ಲಿ ಮೂರು ಥರ ಇದೆ. ಮನೆಯವರ ಯುಪಿಐ ನಂಬರನ್ನೇ ಹಂಚುವುದು ಒಂದು. ಮಿಲಾಪ್, ಕೆಟ್ಟೋ, ಇಂಪ್ಯಾಕ್ಟ್‌ಗುರು ಥರದ ಪ್ಲಾಟ್‌ಫಾರ್ಮ್ ಇನ್ನೊಂದು. ಮಿಲಾಪ್ 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದದ್ದು, ಇನ್ನೆರಡು ಮುಂಬೈಯವು. ಮೂರನೆಯದು ನೋಂದಾಯಿತ ಟ್ರಸ್ಟ್ ಮೂಲಕ ಆಸ್ಪತ್ರೆಗೆ ಕಟ್ಟಿಸುವುದು.

ಯುಪಿಐ ಬೇಗ. ಹಾಕಿದ ದುಡ್ಡು ಆ ಕ್ಷಣಕ್ಕೆ ಕೈಯಲ್ಲಿ, ಯಾರಿಗೂ ಕಮಿಷನ್ ಇಲ್ಲ. ಗುರುತಿನವರೊಳಗೆ ಇದೇ ಸಾಕು. ಆದರೆ ಗುರುತಿಲ್ಲದವರು ನಂಬುವುದಿಲ್ಲ, ನಂಬಬಾರದು ಕೂಡ. ಯಾಕೆಂದರೆ ನಿಜವಾದ ರೋಗಿಯ ಪೋಸ್ಟರ್ ತೆಗೆದುಕೊಂಡು ಕ್ಯೂಆರ್ ಕೋಡ್ ಮಾತ್ರ ಬದಲಿಸಿ ಹರಿಬಿಡುವವರು ಇದ್ದಾರೆ. ಹಾಗಾಗಿದೆ ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಇನ್ನೊಂದು, ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ 50,000 ರೂಪಾಯಿಗಿಂತ ಜಾಸ್ತಿ ಹಾಗೇ ಬಂದ ದುಡ್ಡನ್ನು ಆದಾಯ ತೆರಿಗೆಯವರು ಆದಾಯ ಅಂತ ಲೆಕ್ಕ ಹಿಡಿಯಬಹುದು. ದೊಡ್ಡ ಮೊತ್ತವಾದರೆ ಆಡಿಟರ್ ಹತ್ತಿರ ಒಂದು ಮಾತು ಕೇಳಿ, ಬಿಲ್ಲುಗಳನ್ನೆಲ್ಲ ಜೋಪಾನ ಮಾಡಿ.

ಪ್ಲಾಟ್‌ಫಾರ್ಮಿನವರು ಆಸ್ಪತ್ರೆಯ ಸೀಲ್ ಇರುವ ಎಸ್ಟಿಮೇಟ್, ರೋಗಿಯ ಗುರುತಿನ ಚೀಟಿ, ರಿಪೋರ್ಟ್, ಬ್ಯಾಂಕ್ ವಿವರ ಕೇಳುತ್ತಾರೆ. ನೋಡಿ ಒಪ್ಪುತ್ತಾರೆ. ದುಡ್ಡನ್ನು ನೇರ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಇರುತ್ತದೆ. ಅದನ್ನೇ ಆರಿಸಿಕೊಳ್ಳಿ, ಕೊಡುವವರ ನಂಬಿಕೆ ಹೆಚ್ಚುತ್ತದೆ. ಫೀ ಇಲ್ಲ ಅಂತ ಈಗ ಬಹಳ ಕಡೆ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಹಾಗಾದರೆ ಅವರ ಖರ್ಚು ಹೇಗೆ ನಡೆಯುತ್ತದೆ? ದುಡ್ಡು ಹಾಕುವಾಗ ಪರದೆಯನ್ನು ಸರಿಯಾಗಿ ನೋಡಿ. ನೀವು ಒಂದು ಸಾವಿರ ಅಂತ ಹಾಕಿರುತ್ತೀರಿ. ಕೆಳಗೆ ‘ಟಿಪ್’ ಅಂತ ಒಂದು ಸಾಲು, ಅದರಲ್ಲಿ ಆಗಲೇ ಒಂದು ಶೇಕಡಾ ತುಂಬಿರುತ್ತದೆ. ಹಾಗೇ ಒತ್ತಿದರೆ ಸಾವಿರದ ಮೇಲೆ ಆ ದುಡ್ಡೂ ಹೋಗುತ್ತದೆ, ಅದು ರೋಗಿಗಲ್ಲ, ಪ್ಲಾಟ್‌ಫಾರ್ಮಿಗೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಅದನ್ನು ಸೊನ್ನೆಯೂ ಮಾಡಬಹುದು ಅನ್ನುವುದು ಗೊತ್ತಿರಲಿ.

ಕುಟುಂಬದವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ‘ನಿಮ್ಮ ಕ್ಯಾಂಪೇನನ್ನು ನಾವು ಪ್ರಚಾರ ಮಾಡುತ್ತೇವೆ’ ಅಂತ ಫೋನ್ ಬಂದರೆ, ‘ಅದಕ್ಕೆ ಎಷ್ಟು ಕಡಿತ ಆಗುತ್ತದೆ? ಪೇಮೆಂಟ್ ಚಾರ್ಜ್, ಜಿಎಸ್‌ಟಿ ಎಲ್ಲ ಕಳೆದು ನೂರಕ್ಕೆ ಎಷ್ಟು ನಮ್ಮ ಆಸ್ಪತ್ರೆಗೆ ಸೇರುತ್ತದೆ? ಇದನ್ನು ಮೇಲ್‌ನಲ್ಲಿ ಬರೆದು ಕಳಿಸಿ’ ಅನ್ನಿ. ಜಾಹೀರಾತು ತಪ್ಪಲ್ಲ, ಅಪರಿಚಿತರನ್ನು ತಲುಪಲು ಅದೇ ದಾರಿ. ಅದರ ಬೆಲೆ ಮೊದಲೇ ಗೊತ್ತಿರಬೇಕು ಅಷ್ಟೇ.

ಟ್ರಸ್ಟ್ ನಿಧಾನ, ಆದರೆ ಗಟ್ಟಿ. ಕೊಡುವವರಿಗೆ 80ಜಿ ರಸೀದಿ ಸಿಗುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದರಿಂದ ವಿನಾಯಿತಿ. ನೇರವಾಗಿ ಒಬ್ಬ ರೋಗಿಯ ಖಾತೆಗೆ ಹಾಕಿದರೆ ಆ ರಸೀದಿ ಸಿಗುವುದಿಲ್ಲ. ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯರು ಒಟ್ಟಾಗಿ ದೊಡ್ಡ ಮೊತ್ತ ಕೊಡಲು ಸಿದ್ಧರಿದ್ದರೆ ಟ್ರಸ್ಟ್ ಮೇಲು. ದೊಡ್ಡ ಆಸ್ಪತ್ರೆಗಳ ಸಮಾಜ ಸೇವಾ ವಿಭಾಗದವರಿಗೆ ಯಾವ ಟ್ರಸ್ಟ್ ಯಾವ ಕಾಯಿಲೆಗೆ ಕೊಡುತ್ತದೆ ಅಂತ ಬಾಯಿಪಾಠ ಇರುತ್ತದೆ. ಅವರನ್ನು ಹುಡುಕಿಕೊಂಡು ಹೋಗಿ, ಅವರೇ ನಿಮ್ಮ ಬಳಿಗೆ ಬರುವುದು ಕಮ್ಮಿ.

ಅಮೆರಿಕದಲ್ಲಿರುವ ಗೆಳೆಯ ಕಳಿಸುತ್ತೇನೆ ಅಂದರೆ ಒಂದು ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾನೂನಿನ ಲೆಕ್ಕದಲ್ಲಿ ವಿದೇಶಿಯರು. ಹತ್ತಿರದ ಬಂಧುವಲ್ಲದಿದ್ದರೆ ಅವರ ದುಡ್ಡನ್ನು ಸುಮ್ನೆ ಮನೆಯವರ ಖಾತೆಗೆ ಹಾಕಿಸಿಕೊಳ್ಳಬೇಡಿ. ವಿದೇಶಿ ದೇಣಿಗೆಗೆ ಅನುಮತಿ ಇರುವ ಸಂಸ್ಥೆಯ ಮೂಲಕವೇ ಬರಲಿ.

ಕೇಳುವ ರೀತಿ

ಎಸ್ಟಿಮೇಟನ್ನು ಬಿಡಿಸಿ ಬರೆಸಿಕೊಳ್ಳಿ. ಆಪರೇಷನ್‌ಗೆ ಎಷ್ಟು, ಐಸಿಯು ಎಷ್ಟು ದಿನ ಅಂತ ಹಿಡಿದಿದ್ದಾರೆ, ಒಂದು ದಿನ ಜಾಸ್ತಿಯಾದರೆ ಎಷ್ಟು, ಒಳಗೆ ಕೂರಿಸುವ ಸಾಧನಕ್ಕೆ ಎಷ್ಟು. ಮೆದುಳಿನ ಆಪರೇಷನ್‌ನಲ್ಲಿ ಲೆಕ್ಕ ತಪ್ಪುವುದು ಬಹುತೇಕ ಐಸಿಯು ದಿನಗಳಲ್ಲೇ. ಗಡ್ಡೆಯ ಕೇಸಾದರೆ ಇನ್ನೊಂದು ಸಂಗತಿ ಇದೆ. ತೆಗೆದ ತುಣುಕಿನ ಬಯಾಪ್ಸಿ ಬರುವವರೆಗೂ ಪೂರ್ತಿ ಖರ್ಚು ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾನ್ಸರ್ ಅಂತ ಬಂದರೆ ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕ್ಯಾನ್ಸರ್ ಮಾತ್ರೆ, ಆಮೇಲೆ ತಿಂಗಳುಗಟ್ಟಲೆ ಅದೇ ಮಾತ್ರೆ ಬೇಕಾಗಬಹುದು. ಆಪರೇಷನ್‌ಗೆ ಅಂತ ಒಂದೇ ಸಲ ಎಲ್ಲರ ಹತ್ತಿರ ಕೇಳಿ ಮುಗಿಸಿದವರಿಗೆ ಎರಡನೇ ಸಲ ಕೇಳುವಾಗ ನಾಲಿಗೆ ಏಳುವುದಿಲ್ಲ. ಹಾಗಾಗಿ ಮೊದಲೇ ‘ಈಗ ಆಪರೇಷನ್‌ಗೆ ಇಷ್ಟು, ಬಯಾಪ್ಸಿ ನೋಡಿ ಮುಂದಿನದು ಹೇಳುತ್ತೇವೆ’ ಅಂತ ಬರೆದುಬಿಡಿ.

ಕರೆ ಹೀಗಿದ್ದರೆ ಸಾಕು: ‘ನಮ್ಮ ಅಪ್ಪನಿಗೆ ತಲೆಯಲ್ಲಿ ರಕ್ತನಾಳ ಒಡೆದು ಆಪರೇಷನ್ ಆಗಿದೆ. ಆರೋಗ್ಯ ಕರ್ನಾಟಕದಿಂದ ಇಷ್ಟು ಸಿಕ್ಕಿದೆ. ನಾವು ಒಡವೆ ಅಡವಿಟ್ಟು ಇಷ್ಟು ಕಟ್ಟಿದ್ದೇವೆ. ಇನ್ನು ಇಷ್ಟು ಬಾಕಿ. ದುಡ್ಡು ನೇರ ಆಸ್ಪತ್ರೆಗೆ ಹೋಗುತ್ತದೆ.’ ಯೋಜನೆಯಿಂದ ಸಿಕ್ಕಿದ್ದನ್ನು ಹೇಳಿದರೆ ಜನ ಕೊಡುವುದಿಲ್ಲ ಅಂತ ಹಲವರು ಮುಚ್ಚಿಡುತ್ತಾರೆ. ನಾನು ಕಂಡ ಹಾಗೆ ಉಲ್ಟಾ. ಲೆಕ್ಕ ಕಂಡಾಗಲೇ ಜನ ಕೈ ಬಿಚ್ಚುವುದು.

ಪ್ರಜ್ಞೆ ಇರುವ ರೋಗಿಯಾದರೆ ಅವರನ್ನು ಕೇಳಿಯೇ ಫೋಟೋ ಹಾಕಿ. ಬಾಯಲ್ಲಿ ಟ್ಯೂಬ್ ಇರುವ ಚಿತ್ರ ಬೇಡ. ಹುಷಾರಾಗಿ ಕೆಲಸಕ್ಕೆ ಹೋದಮೇಲೂ ಆ ಫೋಟೋ ಅಂತರ್ಜಾಲದಲ್ಲಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಚಿಕ್ಕ ಮಕ್ಕಳಿಗೆ ಇದು ಮುಂದೆ ಎಷ್ಟು ತೊಂದರೆ ಕೊಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮೆಡಿಕಲ್ ರಿಪೋರ್ಟ್ ಹಾಕುವಾಗ ಆಧಾರ್ ನಂಬರು, ಮನೆ ವಿಳಾಸ ಮುಚ್ಚಿ.

ಸಾಲದ ವಿಷಯ ಬೇಕಂತಲೇ ಕೊನೆಗೆ ಇಟ್ಟೆ. ಒಡವೆ ಇದ್ದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ ಬೇಗ ಸಿಗುತ್ತದೆ, ಬಡ್ಡಿಯೂ ಹೊರಗಿನವರಿಗಿಂತ ಕಡಿಮೆ. ಅಡ್ವಾನ್ಸ್‌ಗೆ ಅಂತ ಆ ರಾತ್ರಿ ದುಡ್ಡು ಬೇಕೇ ಬೇಕಾದರೆ ಇದು ಸರಿ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ. ಲಿಂಕ್‌ನಲ್ಲಿ ದುಡ್ಡು ಬರುತ್ತದೆ, ಆಮೇಲೆ ತೀರಿಸೋಣ ಅಂತ ಕೈಸಾಲ ಮಾಡುವುದೂ ಬೇಡ. ಎಷ್ಟು ಬರುತ್ತದೆ ಅಂತ ಯಾರೂ ಹೇಳಲಾರರು.

ಇನ್ನೊಂದು ಸಾಲನ್ನು ಕರೆಯಲ್ಲೇ ಸೇರಿಸಿ, ಬರೆಯಲು ಕಷ್ಟ ಆದರೂ. ಖರ್ಚಿಗಿಂತ ಜಾಸ್ತಿ ಬಂದರೆ ಆ ದುಡ್ಡು ಏನಾಗುತ್ತದೆ, ರೋಗಿ ಉಳಿಯದೇ ಹೋದರೆ ಏನಾಗುತ್ತದೆ ಅಂತ. ‘ಮಿಕ್ಕಿದ್ದನ್ನು ಫಿಸಿಯೋಥೆರಪಿಗೆ ಬಳಸುತ್ತೇವೆ, ಅದೂ ಬೇಡವಾದರೆ ಅದೇ ವಾರ್ಡಿನ ಇನ್ನೊಬ್ಬರ ಬಿಲ್ಲಿಗೆ ಕಟ್ಟುತ್ತೇವೆ’ ಅಂತ ಬರೆದರೆ ಸಾಕು. ಆಪರೇಷನ್ ಆದ ವಾರದೊಳಗೆ, ಎಷ್ಟು ಬಂತು, ಎಷ್ಟು ಹೋಯಿತು ಅನ್ನುವುದನ್ನು ಬಿಲ್ ಸಮೇತ ಅದೇ ಗ್ರೂಪುಗಳಿಗೆ ಹಾಕಿ, ಲಿಂಕ್ ಮುಚ್ಚಿಸಿ.